ದಾವಣಗೆರೆ ಒಳಗಿನ ಆನ್‌ಲೈನ್ ಆರ್ಡರ್: ಕವರ್, ಓಡಾಟ, ವಾಪಸ್ ಬರೋ ಮಾಲು ಕಡಿಮೆ ಮಾಡೋದು ಹೇಗೆ?

ಹೊಲಿಗೆಮನೆ ಅಕ್ಕ:

ನಾನು ಮಾರೋದು ಕುರ್ತಿ, ನೈಟಿ, ಕಾಟನ್ ಸೀರೆ, ಜೊತೆಗೆ ಸ್ವಲ್ಪ ಗಾಜಿನ ಬಳೆ. ಆರ್ಡರ್ ಬರೋದು ವಾಟ್ಸಾಪ್, ಇನ್‌ಸ್ಟಾಗ್ರಾಮ್‌ನಲ್ಲಿ. ದಿನಕ್ಕೆ ಮೂವತ್ತು ನಲವತ್ತು ಪಾರ್ಸೆಲ್. ಅರ್ಧದಷ್ಟು ದಾವಣಗೆರೆ ಒಳಗೇ: ವಿದ್ಯಾನಗರ, ನಿಟುವಳ್ಳಿ, ಎಂಸಿಸಿ ಬ್ಲಾಕ್, ಪಿಜೆ ಬಡಾವಣೆ, ಹಳೇ ಪೇಟೆ. ಉಳಿದದ್ದು ಶಿವಮೊಗ್ಗ, ಮಂಗಳೂರು, ಬೆಂಗಳೂರು ಕಡೆ. ಸದ್ಯಕ್ಕೆ ಎಲ್ಲವೂ ಕೊರಿಯರ್ ಮೂಲಕ. ಬಟ್ಟೆಗೆ ಬೂದು ಬಣ್ಣದ ಪ್ಲಾಸ್ಟಿಕ್ ಕವರ್, ಬಳೆಗೆ ರಟ್ಟಿನ ಡಬ್ಬಿ, ಬಬಲ್ ಶೀಟ್. ಸಿಒಡಿ (ಮಾಲು ಕೈಗೆ ಸಿಕ್ಕಾಗ ದುಡ್ಡು ಕೊಡೋದು) ಇದೆ. ಎಂಟು ಹತ್ತರಲ್ಲಿ ಒಂದು ವಾಪಸ್ ಬರುತ್ತೆ.

ಪ್ಲಾಸ್ಟಿಕ್ಕು, ಪೆಟ್ರೋಲು ಎರಡೂ ಇಳಿಸಬೇಕು. ಕಾಗದದ ಕವರ್ ಸಾಕಾ? ಮೆಕ್ಕೆಜೋಳದ ಪಿಷ್ಟದ ಕವರ್ ಅಂತ ಮಾರ್ತಾರಲ್ಲ, ಅದು ಒಳ್ಳೇದಾ? ಊರೊಳಗಿನದಕ್ಕೆ ಎಲೆಕ್ಟ್ರಿಕ್ ಗಾಡಿ ತಗೊಂಡರೆ ನಿಜವಾಗ್ಲೂ ವ್ಯತ್ಯಾಸ ಆಗುತ್ತಾ? ಎಲ್ಲಕ್ಕೂ ಒಟ್ಟಿಗೆ ದುಡ್ಡು ಹಾಕೋಕಾಗಲ್ಲ, ಯಾವುದು ಮೊದಲು ಅಂತ ತಿಳಿದವರು ಹೇಳಿ.

ರೂಟ್ ಲೆಕ್ಕ:

ಮೊದಲು ವಾಪಸ್ ಬರೋ ಮಾಲು ಕಡಿಮೆ ಮಾಡಿ ಅಕ್ಕ, ಆಮೇಲೆ ಕವರ್, ಗಾಡಿ ಕೊನೆಗೆ. ಯಾಕೆ ಅಂದ್ರೆ ವಾಪಸ್ ಬಂದ ಒಂದು ಕುರ್ತಿ ಹೋಗೋವಾಗ ಒಂದು ಸಲ, ಬರೋವಾಗ ಒಂದು ಸಲ, ಬದಲಿ ಕಳಿಸಿದರೆ ಮೂರನೇ ಸಲ ಲಾರಿ ಹತ್ತುತ್ತೆ. ಕವರ್ ಕಾಗದದ್ದೋ ಪ್ಲಾಸ್ಟಿಕ್ಕೋ ಅನ್ನೋ ವ್ಯತ್ಯಾಸ ಅದರ ಮುಂದೆ ಚಿಕ್ಕದು.

ಇನ್ನೊಂದು, ಊರೊಳಗಿನ ಆರ್ಡರನ್ನ ಕೊರಿಯರ್‌ಗೆ ಕೊಡೋದೇ ನಿಲ್ಲಿಸಿ. ದೊಡ್ಡ ಜಾಲಗಳಲ್ಲಿ ಮಾಲು ಮೊದಲು ವಿಂಗಡಣೆ ಕೇಂದ್ರಕ್ಕೆ ಹೋಗಬೇಕು, ಆ ಕೇಂದ್ರ ಬೇರೆ ಊರಲ್ಲಿದ್ದರೆ ಪಿಜೆ ಬಡಾವಣೆಯಿಂದ ನಿಟುವಳ್ಳಿಗೆ ಹೊರಟ ಸೀರೆ ಹೈವೇ ನೋಡ್ಕೊಂಡು ಬರುತ್ತೆ.

ಗಾಡಿ ಲೆಕ್ಕ ನೋಡಿ. ಒಂದು ಸುತ್ತು 18 ಕಿ.ಮೀ., 18 ಮನೆ ಅಂತಿಟ್ಟುಕೊಳ್ಳಿ. ಲೀಟರಿಗೆ 45 ಕೊಡೋ ಪೆಟ್ರೋಲ್ ಸ್ಕೂಟರ್ 0.4 ಲೀಟರ್ ಕುಡಿಯುತ್ತೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆಜಿ ಇಂಗಾಲದ ಡೈಆಕ್ಸೈಡ್, ಹಾಗಾಗಿ ಸುತ್ತಿಗೆ 0.92 ಕೆಜಿ, ಮನೆಗೆ 51 ಗ್ರಾಂ. ಎಲೆಕ್ಟ್ರಿಕ್ ಸ್ಕೂಟರ್ ಚಾರ್ಜಿಂಗ್ ನಷ್ಟ ಸೇರಿ ಕಿ.ಮೀ.ಗೆ 35 ವ್ಯಾಟ್-ಅವರ್ ಅಂದರೆ 0.63 ಯೂನಿಟ್. ನಮ್ಮ ದೇಶದ ಗ್ರಿಡ್‌ನಲ್ಲಿ ಯೂನಿಟ್‌ಗೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್, ಒಟ್ಟು 0.44 ಕೆಜಿ. ಅರ್ಧಕ್ಕಿಂತ ಕಡಿಮೆ ಆಯ್ತು, ನಿಜ. ಆದರೆ ನಾಲ್ಕು ಮನೆಯಲ್ಲಿ ಜನ ಸಿಗಲಿಲ್ಲ, ಸಂಜೆ ಅವರಿಗೋಸ್ಕರ ಮತ್ತೆ 12 ಕಿ.ಮೀ. ಹೋದಿರಿ ಅಂದ್ರೆ 0.29 ಕೆಜಿ ಸೇರುತ್ತೆ. ಗಾಡಿ ಬದಲಿಸಿ ಉಳಿಸಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಆ ಎರಡನೇ ಸುತ್ತೇ ತಿಂದುಹಾಕುತ್ತೆ.

ಹಾಗಾಗಿ ಸುತ್ತು ಸರಿಮಾಡೋದು ಮೊದಲು. ಆರ್ಡರ್ ಬಂದ ತಕ್ಷಣ ಓಡಬೇಡಿ. ವಾರದಲ್ಲಿ ಇಂಥ ದಿನ ಇಂಥ ಬಡಾವಣೆ ಅಂತ ಗೊತ್ತು ಮಾಡಿ ಆರ್ಡರ್ ತಗೊಳ್ಳುವಾಗಲೇ ಹೇಳಿ. ಬಟ್ಟೆಗೆ ಒಂದೆರಡು ದಿನ ಕಾಯೋಕೆ ಯಾರೂ ಬೇಡ ಅನ್ನಲ್ಲ. ಊರ ನಡುವೆ ಹಾದುಹೋಗೋ ರೈಲು ಹಳಿಯ ಒಂದು ಬದಿ ಪೂರ್ತಿ ಮುಗಿಸಿ ಒಂದೇ ಸಲ ದಾಟಿ. ಹೊರಡೋಕೆ ಮೊದಲು ಎಲ್ಲರಿಗೂ ಒಂದು ಮೆಸೇಜ್: "11ರಿಂದ 1ರ ಒಳಗೆ ಬರ್ತೀವಿ, ಮನೆಯಲ್ಲಿ ಇರಲ್ಲ ಅಂದ್ರೆ ಯಾರ ಹತ್ರ ಕೊಡಬೇಕು?" ಉತ್ತರ ಬರದವರ ಪಾರ್ಸೆಲ್ ಆ ಸುತ್ತಿಗೆ ಹಾಕಲೇಬೇಡಿ.

ವಿಳಾಸದಲ್ಲಿ ಕೈ ಕೊಡೋದು ಮೇನ್, ಕ್ರಾಸ್ ಅಂಕೆಗಳು. ಎಂಸಿಸಿ 'ಎ' ಬ್ಲಾಕ್, 'ಬಿ' ಬ್ಲಾಕ್ ಎರಡರಲ್ಲೂ ಅವು ಇವೆ, ಬ್ಲಾಕಿನ ಅಕ್ಷರ ಬಿಟ್ಟು ಬರೆದರೆ ಪಾರ್ಸೆಲ್ ಕೊಡೋ ಹುಡುಗ ಅಲೆಯೋದು ಗ್ಯಾರಂಟಿ. ವಾಟ್ಸಾಪ್ ಲೊಕೇಶನ್ ಕೇಳಿ, ಇಲ್ಲವೇ ಅಂಚೆ ಇಲಾಖೆ 2025ರಲ್ಲಿ ತಂದ ಡಿಜಿಪಿನ್ ಬಳಸಿ. ಅಕ್ಷರ, ಅಂಕಿ ಸೇರಿ ಹತ್ತು ಇರೋ ಕೋಡ್, ಸುಮಾರು 4 ಮೀಟರ್ ಉದ್ದ 4 ಮೀಟರ್ ಅಗಲದ ಚೌಕವನ್ನೇ ತೋರಿಸುತ್ತೆ. ಮಹಡಿ ಮಾತ್ರ ಅದಕ್ಕೆ ಗೊತ್ತಾಗಲ್ಲ, ಅದನ್ನ ಬೇರೆ ಬರೆಸ್ಕೊಳ್ಳಿ.

ಗಾಡಿ ತಗೊಳ್ಳೋದೇ ಆದರೆ ಸ್ಕೂಟರ್ ಸಾಕು. ಮೂರು ಚಕ್ರದ ಲೋಡರ್ ಕಿ.ಮೀ.ಗೆ ಹೆಚ್ಚುಕಡಿಮೆ ಮೂರು ಪಟ್ಟು ಕರೆಂಟ್ ತಗೊಳ್ಳುತ್ತೆ, ಇಪ್ಪತ್ತು ಪಾರ್ಸೆಲ್‌ಗೆ ಅದು ದಂಡ. ಬೇಸಿಗೆಯಲ್ಲಿ ಸುತ್ತು ಮುಗಿಸಿ ಬಂದ ತಕ್ಷಣ ಚಾರ್ಜ್‌ಗೆ ಹಾಕಬೇಡಿ. ನೆರಳಲ್ಲಿ ಅರ್ಧ ಮುಕ್ಕಾಲು ಗಂಟೆ ಬಿಟ್ಟು ಹಾಕಿ. ಬಿಸಿಯಲ್ಲಿ ಚಾರ್ಜ್ ಆದ ಲಿಥಿಯಂ ಬ್ಯಾಟರಿ ಬೇಗ ಸವೆಯುತ್ತೆ.

ರಟ್ಟುಪೆಟ್ಟಿಗೆ:

ಪ್ಯಾಕಿಂಗ್ ವಿಷಯ ನಾನು ಹೇಳ್ತೀನಿ.

ಗಾತ್ರ ನೋಡಿ ಮೊದಲು. ಕೊರಿಯರ್‌ನವರು ನಿಜ ತೂಕ, ಗಾತ್ರದ ತೂಕ ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು ಹಾಕ್ತಾರೆ. ಸೆಂ.ಮೀ.ನಲ್ಲಿ ಉದ್ದ, ಅಗಲ, ಎತ್ತರ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸೋದು. 30×25×10ರ ಡಬ್ಬಿಯಲ್ಲಿ 300 ಗ್ರಾಂ ಕುರ್ತಿ ಹಾಕಿದರೆ 1.5 ಕೆಜಿ ಲೆಕ್ಕ. ಅದೇ ಕುರ್ತಿ ಚಪ್ಪಟೆ ಕವರ್‌ನಲ್ಲಿ 30×25×3 ಆದರೆ 0.45, ಅರ್ಧ ಕೆಜಿ ದರಕ್ಕೇ ಹೋಗುತ್ತೆ. ಲಾರಿಯಲ್ಲಿ ಗಾಳಿ ಸಾಗಿಸೋದೂ ತಪ್ಪುತ್ತೆ. ಬಟ್ಟೆಗೆ ಡಬ್ಬಿ ಬೇಡವೇ ಬೇಡ.

ಊರೊಳಗಿನದಕ್ಕೆ ನೀವೇ ಹೊಲಿದ ಬಟ್ಟೆ ಚೀಲ ಇದ್ದರೆ ಸಾಕು, ಕತ್ತರಿಸಿ ಉಳಿದ ತುಂಡು ಇದ್ದೇ ಇರುತ್ತಲ್ಲ. ಹುಡುಗ ಬಾಗಿಲಲ್ಲೇ ಮಾಲು ತೆಗೆದುಕೊಟ್ಟು ಚೀಲ ವಾಪಸ್ ತರಲಿ. ಗ್ರಾಹಕರ ಹತ್ರ ಬಿಟ್ಟುಬಂದರೆ ಆ ಚೀಲ ಮತ್ತೆ ಸಿಗಲ್ಲ, ಅದಕ್ಕೇ ಬಾಗಿಲಲ್ಲೇ ಖಾಲಿ ಮಾಡಬೇಕು.

ಹೊರಗಿನದಕ್ಕೆ 100ರಿಂದ 120 ಜಿಎಸ್‌ಎಂ (ಚದರ ಮೀಟರಿಗೆ ಅಷ್ಟು ಗ್ರಾಂ ತೂಗೋ) ಕ್ರಾಫ್ಟ್ ಅನ್ನೋ ಗಟ್ಟಿ ಕಂದು ಕಾಗದದ ಕವರ್. ಎರಡು ಅಂಟು ಪಟ್ಟಿ ಇರೋದನ್ನೇ ಕೇಳಿ ತಗೊಳ್ಳಿ. ಮೊದಲನೇ ಪಟ್ಟಿ ನೀವು ಅಂಟಿಸ್ತೀರಿ, ಗ್ರಾಹಕರು ತೂತಿನ ಗೆರೆ ಹಿಡಿದು ಹರಿದರೆ ಒಳಗೆ ಎರಡನೇ ಪಟ್ಟಿ ಹಾಗೇ ಉಳಿದಿರುತ್ತೆ, ವಾಪಸ್ ಕಳಿಸೋಕೆ ಅದೇ ಕವರ್ ಆಯ್ತು. ಕತ್ತರಿ ಹಾಕಿದರೆ ಎರಡನೇ ಪಟ್ಟಿಯೂ ಹೋಗುತ್ತೆ, ಹಾಗಾಗಿ ಕವರ್ ಮೇಲೆ ಕನ್ನಡದಲ್ಲಿ ದೊಡ್ಡದಾಗಿ "ಇಲ್ಲಿ ಹರಿಯಿರಿ" ಅಂತ ಸೀಲ್ ಹೊಡೀರಿ.

ಮಳೆಗಾಲದಲ್ಲಿ ಶಿವಮೊಗ್ಗ, ಮಂಗಳೂರಿಗೆ ಕಾಗದ ಕಳಿಸಬೇಡಿ. ನೆಂದು ಬಣ್ಣ ಬಿಟ್ಟ ಸೀರೆ ಪೂರ್ತಿ ಕಸ. ಆ ನಾಲ್ಕು ತಿಂಗಳು, ಆ ಕಡೆಗೆ ಮಾತ್ರ, ಬಣ್ಣ ಇಲ್ಲದ, ಹಾಲಿನ ಕವರ್ ಥರದ ಪಾರದರ್ಶಕ ಎಲ್‌ಡಿಪಿಇ ಕವರ್ ಬಳಸಿ. ದಪ್ಪ 50 ಮೈಕ್ರಾನ್‌ಗಿಂತ ಕಡಿಮೆ ಇರಬಾರದು, ಸುತ್ತುವ ಪ್ಲಾಸ್ಟಿಕ್‌ಗೆ 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮದ ಮಿತಿ ಅದು (ಸಾವಿರ ಮೈಕ್ರಾನ್ ಅಂದರೆ ಒಂದು ಮಿ.ಮೀ.). 120 ಮೈಕ್ರಾನ್ ಅನ್ನೋದು ಕೈಚೀಲಕ್ಕೆ, 2022ರ ಡಿಸೆಂಬರ್ 31ರಿಂದ. ಅಂಗಡಿಯವರೇ ಇವೆರಡನ್ನ ಕಲಸಿ ಹೇಳ್ತಾರೆ.

ಬಳೆಗೆ ಬಬಲ್ ಬದಲು ಸುಕ್ಕು ರಟ್ಟಿನ ಸುರುಳಿ. ಡಜನ್ ಬಳೆಯೊಳಗೆ ಹಳೇ ಪೇಪರ್ ಸುತ್ತಿ ಗಟ್ಟಿಯಾಗಿ ತೂರಿಸಿ, ಹೊರಗೆ ಎರಡು ಸುತ್ತು ರಟ್ಟು, ಡಬ್ಬಿಯ ನಾಲ್ಕೂ ಕಡೆ ಮೂರು ನಾಲ್ಕು ಸೆಂ.ಮೀ. ಮುದ್ದೆ ಪೇಪರ್. ಅಲ್ಲಾಡಿಸಿದರೆ ಸದ್ದು ಬರಬಾರದು. ಸೊಂಟದೆತ್ತರದಿಂದ ಮೂಲೆ, ಅಂಚು, ತಳ ಮೂರೂ ಕಡೆ ಒಮ್ಮೊಮ್ಮೆ ಬೀಳಿಸಿ ನೋಡಿದ ಮೇಲೆ ಆ ವಿಧಾನ ಗಟ್ಟಿ ಮಾಡ್ಕೊಳ್ಳಿ. (ಮಂಡಕ್ಕಿ ಭಟ್ಟಿ ಇರೋ ಊರು ಅಂತ ಮಂಡಕ್ಕಿ ತುಂಬೋಕೆ ಹೇಳೋರೂ ಸಿಗ್ತಾರೆ. ಗೋಡೌನಿನ ಇಲಿ, ಇರುವೆಗೆ ಹಬ್ಬ, ಬೇಡ.)

ಡಬ್ಬಿ ಹೊಸದು ಯಾಕೆ? ಮಂಡಿಪೇಟೆ ಸಗಟು ಅಂಗಡಿಗಳ ಹಳೇ ರಟ್ಟಿನ ಪೆಟ್ಟಿಗೆ ತಂದು ಅಳತೆಗೆ ಕತ್ತರಿಸಿ, ಒಳಮೈ ಹೊರಗೆ ಮಾಡಿ ಮಡಚಿ. ಹಳೇ ಬಾರ್‌ಕೋಡ್ ಹೊರಗೆ ಉಳಿದರೆ ಸ್ಕ್ಯಾನರ್ ಅದನ್ನೇ ಓದಿ ಪಾರ್ಸೆಲ್ ಎಲ್ಲೋ ಹೋಗುತ್ತೆ. ಮರುಬಳಕೆ ರಟ್ಟಿನ ಮೈಮೇಲೆ ಧೂಳು ಇರುತ್ತೆ, ಒಣ ಬಟ್ಟೆಯಲ್ಲಿ ಒರೆಸದೆ ಕಾಗದದ ಟೇಪ್ ಹಾಕಿದರೆ ಬಿಸಿಲಿಗೆ ಎದ್ದು ಬರುತ್ತೆ.

ಲೇಬಲ್ ಮೇಲೆ ಟೇಪ್ ಹೊಡೆಯಬೇಡಿ. ಥರ್ಮಲ್ ಕಾಗದದ (ಶಾಯಿ ಇಲ್ಲದೆ ಬಿಸಿಯಿಂದ ಅಚ್ಚಾಗೋ ಕಾಗದ) ಅಕ್ಷರ ಟೇಪಿನ ಅಂಟಿಗೆ ಮಾಸುತ್ತೆ, ಬಾರ್‌ಕೋಡ್ ಓದಲ್ಲ, ಪಾರ್ಸೆಲ್ ನಿಮ್ಮ ಬಾಗಿಲಿಗೇ ವಾಪಸ್.

ಗುಜರಿ ಲೆಕ್ಕ:

ಮೆಕ್ಕೆಜೋಳದ ಪಿಷ್ಟದ ಕವರ್ ತಗೋಬ್ಯಾಡ್ರಿ. ಅದು ಕರಗಬೇಕಂದ್ರ 58 ಡಿಗ್ರಿ ಆಸುಪಾಸಿನ ಬಿಸಿ ಇರೋ ದೊಡ್ಡ ಕಾಂಪೋಸ್ಟ್ ಘಟಕ ಬೇಕು. ಮನೆ ಕುಂಡದಾಗ, ತಿಪ್ಪೆಯಾಗ ಹಂಗೇ ಬಿದ್ದಿರ್ತತಿ. ನೋಡಾಕ ಪ್ಲಾಸ್ಟಿಕ್ ಇದ್ದಂಗೇ ಇರೋದ್ರಿಂದ ಗುಜರಿ ಚೀಲದಾಗ ಸೇರಿದ್ರ ಒಳ್ಳೇ ಪಾಲಿಥಿನ್ನೂ ಕೆಡಸ್ತತಿ.

ಹೊರಗೆ ಕಾಗದ, ಒಳಗೆ ಬಬಲ್ ಅಂಟಿಸಿದ ಕವರ್ ಇನ್ನೂ ಕೆಟ್ಟದ್ದು. ಎರಡನ್ನೂ ಬಿಡಿಸಾಕ ಆಗಲ್ಲ, ಕಾಗದದವರೂ ತಗೊಳ್ಳಲ್ಲ, ಪ್ಲಾಸ್ಟಿಕ್‌ನವರೂ ತಗೊಳ್ಳಲ್ಲ.

ನೀವು ಈಗ ಬಳಸೋ ಬೂದು ಕವರ್ ಒಳಗೆ ಕಪ್ಪು ಪದರ ಇರ್ತತಿ. ಕರಗಿಸಿದ್ರ ಬರೋದು ಕಪ್ಪು ಪ್ಲಾಸ್ಟಿಕ್ ಕಾಳು ಮಾತ್ರ, ರೇಟು ಇಲ್ಲ. ಪಾರದರ್ಶಕ ಕವರ್ ಆದ್ರ ಹಾಲಿನ ಕವರ್ ಜೊತೀಗೇ ಹೋಗ್ತತಿ. ಕಂಡೀಷನ್ ಏನಂದ್ರ ಲೇಬಲ್ ಇರಬಾರ್ದು. ಅದನ್ನ ಕೆರೀತಾ ಕೂರಬ್ಯಾಡ್ರಿ, ಅಂಟು ಉಳೀತತಿ. ಕತ್ತರಿ ತಗೊಂಡು ಲೇಬಲ್ ಇರೋ ತುಂಡನ್ನೇ ಕತ್ತರಿಸಿ ಬಿಸಾಕ್ರಿ. ಥರ್ಮಲ್ ಲೇಬಲ್ ರದ್ದಿಗೂ ಹಾಕಬಾರ್ದು, ಅದರ ಲೇಪನ ಕಾಗದದ ತಿರುಳಿಗೆ ಸೇರ್ತತಿ. ಒಂದೊಂದೇ ಕವರ್ ತಂದ್ರ ಯಾರೂ ಮುಟ್ಟಲ್ಲ, ಗೋಣಿಚೀಲ ತುಂಬಿದ ಮ್ಯಾಲೆ ಒಟ್ಟಿಗೆ ಕೊಡ್ರಿ. ರಟ್ಟು ಮಳೀಗೆ ನೆನೆಯದಂಗ ನೋಡ್ಕೊಳ್ರಿ, ನೆಂದ ರಟ್ಟಿಗೆ ತೂಕದಾಗೂ ಕಡಿತ, ರೇಟಿನಾಗೂ ಕಡಿತ.

ಥರ್ಮಾಕೋಲ್ ಬಗ್ಗೆ ಒಂದು ಮಾತು. ಒಂದೇ ಸಲ ಬಳಸೋ ಪ್ಲಾಸ್ಟಿಕ್ ಮೇಲಿನ 2022ರ ಜುಲೈ 1ರ ನಿಷೇಧದಾಗ ಇರೋದು ಅಲಂಕಾರದ ಥರ್ಮಾಕೋಲ್, ಪ್ಯಾಕಿಂಗಿಂದು ಅಲ್ಲ. ಆದ್ರೂ ಬ್ಯಾಡ. ಗಾಡಿ ತುಂಬ್ತತಿ, ತೂಕ ಬರಲ್ಲ, ಹಂಗಾಗಿ ಯಾರೂ ಎತ್ತಲ್ಲ.

ಹೊಲಿಗೆಮನೆ ಅಕ್ಕ:

ಎಲ್ಲರಿಗೂ ಥ್ಯಾಂಕ್ಸ್. ಕವರ್ ವಿಷಯ ಗೊತ್ತಾಯ್ತು. ವಾಪಸ್ ಇಳಿಸೋದು ಅಂದ್ರಲ್ಲ ಅಣ್ಣ, ಅದು ಹೇಗೆ? ಸಿಒಡಿ ನಿಲ್ಲಿಸಿದರೆ ಜಗಳೂರು, ಹರಪನಹಳ್ಳಿ ಕಡೆ ಆರ್ಡರ್ ಪೂರ್ತಿ ನಿಂತುಹೋಗುತ್ತೆ. ಊರೊಳಗೆ ಯಾವುದಾದ್ರೂ ಅಂಗಡಿಯಲ್ಲಿಟ್ಟು ಅವರೇ ಬಂದು ತಗೊಳ್ಳೋ ಹಾಗೆ ಮಾಡಿದರೆ?

ರೂಟ್ ಲೆಕ್ಕ:

ಸಿಒಡಿ ಪೂರ್ತಿ ನಿಲ್ಲಿಸಬೇಡಿ. ಹೋಗಿ ಬರೋ ಕೊರಿಯರ್ ಖರ್ಚು ಎಷ್ಟೋ ಅಷ್ಟನ್ನ ಮುಂಗಡ ಯುಪಿಐ ಮಾಡಿಸ್ಕೊಳ್ಳಿ, ಉಳಿದದ್ದು ಕೈಗೆ ಸಿಕ್ಕಾಗ ಕೊಡಲಿ. ಸುಮ್ಮನೆ ಒತ್ತಿ ನೋಡಿದ ಆರ್ಡರ್ ಅಲ್ಲೇ ಉದುರುತ್ತೆ.

ಅಳತೆ ಸರಿ ಇಲ್ಲ ಅಂತ ಬರೋದೇ ಹೆಚ್ಚಿದ್ದರೆ ಎಂ, ಎಲ್, ಎಕ್ಸ್‌ಎಲ್ ಅಂತ ಬರೆದು ಬಿಡೋದು ನಿಲ್ಲಿಸಿ. ಕುರ್ತಿ ನೆಲದ ಮೇಲೆ ಹರಡಿ, ಕಂಕುಳ ಕೆಳಗೆ ಟೇಪ್ ಇಟ್ಟು ಫೋಟೋ ತೆಗೀರಿ. 20 ಇಂಚು ಬಂದರೆ ಸುತ್ತಳತೆ 40, ಮೈ ಅಳತೆ 36-37 ಇರೋರಿಗೆ ಆರಾಮ ಅಂತ ಬರೀರಿ. ತೊಳೆಯದ ಕಾಟನ್ ಆದರೆ ಮೂರರಿಂದ ಐದು ಪರ್ಸೆಂಟ್ ಕುಗ್ಗೋದನ್ನೂ ಹೇಳಿ. ಫೋಟೋ ಹಗಲು ಬೆಳಕಲ್ಲಿ, ನೆರಳಲ್ಲಿ. ಟ್ಯೂಬ್‌ಲೈಟ್ ಕೆಳಗೆ ತೆಗೆದರೆ ಕಡುನೀಲಿ ಕಪ್ಪಾಗಿ ಕಾಣುತ್ತೆ, ಆ ಸೀರೆ ವಾಪಸ್ ಬಂದೇ ಬರುತ್ತೆ.

ಊರೊಳಗೆ ಹೋಗುವಾಗ ಅನುಮಾನ ಇರೋ ಆರ್ಡರ್‌ಗೆ ಒಂದು ಸೈಜ್ ಜಾಸ್ತಿದೂ ಚೀಲದಲ್ಲಿ ಇರಲಿ, ಬಾಗಿಲಲ್ಲೇ ಬದಲಾಯಿಸಿ ಬರಬಹುದು. ಒಂದೇ, ಎಲ್ಲ ಸೈಜ್ ಹೊತ್ತುಕೊಂಡು ಹೋದರೆ ಬಾಗಿಲೇ ಅಂಗಡಿ ಆಗಿ ಒಂದೊಂದು ಮನೆಗೆ ಅರ್ಧ ಗಂಟೆ. ವಾಪಸ್ ತರೋದಕ್ಕೆ ಬೇರೆ ಸುತ್ತು ಬೇಡ, ಆ ಬಡಾವಣೆಗೆ ಮುಂದೆ ಹೋಗೋ ದಿನವೇ ತನ್ನಿ. ಬಾಗಿಲಲ್ಲಿ ಟ್ಯಾಗ್, ಕಲೆ, ಸೆಂಟಿನ ವಾಸನೆ, ಸೀರೆಯಾದರೆ ಬ್ಲೌಸ್ ಪೀಸ್ ಇದೆಯಾ ಇಷ್ಟು ನೋಡಿ. ಫಾಲ್ ಹಾಕಿಸಿದ ಸೀರೆ ತಗೊಳ್ಳಲ್ಲ ಅಂತ ಮೊದಲೇ ಬರೆದಿರಲಿ.

ಅಂಗಡಿಯಲ್ಲಿಡೋದು ಒಳ್ಳೇದೇ. ಬೆಳಗ್ಗೆ ಬೇಗ ತೆಗೆದು ರಾತ್ರಿ ಮುಚ್ಚೋ ಕಿರಾಣಿ ಅಂಗಡಿ, ಮೆಡಿಕಲ್ ಶಾಪ್ ನೋಡಿ, ಪಾರ್ಸೆಲ್‌ಗೆ ಇಷ್ಟು ಅಂತ ಮಾತಾಡಿ. ಒಂದು ಶೆಲ್ಫ್, ನಾಲ್ಕಂಕಿ ಕೋಡ್ ಹೇಳಿದವರಿಗೆ ಮಾತ್ರ ಕೊಡೋದು, ಮೂರು ದಿನ ಮೀರಿದ್ದು ನೀವು ಎತ್ತಿಕೊಂಡು ಬರೋದು. ಆದರೆ ಗ್ರಾಹಕರು ನಡೆದು ಬರೋ ದೂರದಲ್ಲಿರಬೇಕು, ಇಲ್ಲ ದಿನಾ ಓಡಾಡೋ ದಾರಿಯಲ್ಲಿರಬೇಕು. ಒಂದು ಕುರ್ತಿಗೋಸ್ಕರ ಅವರು ಸ್ಕೂಟರ್ ತೆಗೆದು ಮೂರು ಕಿ.ಮೀ. ಬಂದು ಹೋದರೆ ನೀವು ಉಳಿಸಿದ ಪೆಟ್ರೋಲ್ ಅವರ ಟ್ಯಾಂಕಿಂದ ಹೋಯ್ತು ಅಷ್ಟೇ.

ರಟ್ಟುಪೆಟ್ಟಿಗೆ:

ಮೇಲಿನದಕ್ಕೆ ಒಂದು ಸೇರ್ಪಡೆ. ವಾಪಸ್ ಬಂದ ಪ್ರತಿ ಮಾಲಿಗೂ ಕಾರಣ ಒಂದೇ ಪದದಲ್ಲಿ ಬರೆದಿಡಿ: ಅಳತೆ, ಬಣ್ಣ, ಹರಿದಿದೆ, ಮನಸ್ಸಿಲ್ಲ, ಸಿಗಲಿಲ್ಲ. ಒಂದೇ ಡಿಸೈನ್ ಮೇಲೆ "ಅಳತೆ" ಮೂರು ಸಲ ಬಿದ್ದರೆ ಅದರ ಪೋಸ್ಟ್ ತೆಗೆದು ಅಳತೆ ತಿದ್ದಿ ಮತ್ತೆ ಹಾಕಿ. ಬಂದ ಮಾಲನ್ನ ಅದೇ ದಿನ ಬಿಡಿಸಿ ಹಬೆ ಇಸ್ತ್ರಿ ಹಾಕಿ ಸ್ಟಾಕ್‌ಗೆ ಸೇರಿಸಿ, ದೀಪಾವಳಿಗೆ ಅಂತ ತರಿಸಿದ ಬಟ್ಟೆ ಕವರ್‌ನಲ್ಲೇ ಕೂತು ಸಂಕ್ರಾಂತಿ ದಾಟಿದರೆ ಆಮೇಲೆ ಅರ್ಧ ರೇಟಿಗೂ ಹೋಗಲ್ಲ.