ಸಬ್‌ಮೀಟರ್ ಮೊತ್ತ ಬಿಲ್‌ಗೆ ತಾಳೆ ಆಗ್ತಿಲ್ಲ, ಕಾರ್ಬನ್ ಶೀಟ್ ಕಳಿಸೋದು ಹೆಂಗ? (ಭೋಸರಿ, ಮಾಡ್‌ಬಸ್)

ಭೋಸರಿ_ಟರ್ನಿಂಗ್
ಎಲ್ಲಾರಿಗೂ ನಮಸ್ಕಾರ. ತಲಿ ಕೆಟ್ಟ ಹೋಗ್ಯದ್ರಿ. ಪುಣೆ ಕಡೆ ಭೋಸರಿ ಎಂಐಡಿಸಿ ಇಂಡಸ್ಟ್ರಿ ಏರಿಯಾದೊಳಗ ಮಷಿನ್ ಶಾಪ್, ಆಟೋ ಪಾರ್ಟ್ಸ್ ಕೆಲಸ. ಗಿರಾಕಿ ಕಂಪನಿಯವರು ಒಂದೊಂದು ಪಾರ್ಟ್ ನಂಬರಿಗೆ ಎಷ್ಟು ಯುನಿಟ್, ಎಷ್ಟು ಕೆಜಿ ಕಾರ್ಬನ್ ಅಂತ ತಿಂಗಳಾ ಶೀಟ್ ಕೇಳ್ತಾರ. ಅದಕ್ಕಂತನ 11 ಎನರ್ಜಿ ಮೀಟರ್ (ಸಬ್‌ಮೀಟರ್) ಹಾಕಿಸಿ, ಎಲ್ಲಾ ಆರ್‌ಎಸ್-485 ಅಂಬೋ ಡೇಟಾ ವಯರ್ (ಮಾಡ್‌ಬಸ್) ಮ್ಯಾಲ ರಾಸ್‌ಬೆರಿ ಪೈ ಅಂಬೋ ಸಣ್ಣ ಕಂಪ್ಯೂಟರಿಗೆ ತಂದೀವಿ. ಡೇಟಾ ಓದಾಕ ನೋಡ್-ರೆಡ್, ಇಡಾಕ ಇನ್‌ಫ್ಲಕ್ಸ್‌ಡಿಬಿ, ಗ್ರಾಫ್ ನೋಡಾಕ ಗ್ರಾಫಾನಾ, ಎಲ್ಲಾ ಅದಾವ. ಲೆಕ್ಕ ಮಾತ್ರ ಕೂಡವಲ್ದು. ಹೋದ ತಿಂಗಳ ಬಿಲ್ 62,000 ಯುನಿಟ್, ಸಬ್‌ಮೀಟರ್ ಎಲ್ಲಾ ಕೂಡಿಸಿದ್ರ 49,500. ಉಳಿದ 12,500 ಎಲ್ಲಿ ಹೋತು? ಮ್ಯಾಲಾಗಿ ದಿನಾ ನಡುನಡುವ ಡೇಟಾ ಬಿಟ್ಟ ಬಿಟ್ಟ ಬರ್ತದ. ಮೀಟರ್ ಕೆಟ್ಟಾವೋ ಪೈ ಕೆಟ್ಟದೋ ತಿಳಿವಲ್ದು. ಆಡಿಟ್ ಸನಿಹ ಬಂದದ, ಲಗೂನ ಹೇಳ್ರಿ.

ತಳವಡೆ_ಪ್ಯಾನೆಲ್
ಡೇಟಾ ಬಿಟ್ಟು ಬಿಟ್ಟು ಬರ್ತಿದೆ ಅಂದ್ರೆ ಬಸ್ ಲೈನ್‌ದೇ (ಎಲ್ಲಾ ಮೀಟರ್ ಸೇರಿಸೋ ಆ 485 ವಯರ್) ತೊಂದರೆ, ಬೇರೆ ಏನೂ ಹುಡುಕ್ಬೇಡಿ. 485 ಕೇಬಲ್ ಒಂದು ಮೀಟರಿಂದ ಇನ್ನೊಂದಕ್ಕೆ ಸಾಲಾಗಿ ಹೋಗ್ಬೇಕು. ಪ್ಯಾನೆಲ್ ಹತ್ರ ಒಂದು ಜಂಕ್ಷನ್ ಬಾಕ್ಸ್ ಇಟ್ಟು ಅಲ್ಲಿಂದ ನಾಲ್ಕು ಕಡೆ ಕವಲು ತೆಗೆದಿದ್ರೆ ಸಿಗ್ನಲ್ ವಾಪಸ್ ಬಡಿದು ಕೆಡುತ್ತೆ. ಎರಡು ತುದಿಗಳಲ್ಲಿ ಮಾತ್ರ 120 ಓಮ್ ರೆಸಿಸ್ಟರ್ ಇರ್ಬೇಕು. ಎಲ್ಲಾ ಆಫ್ ಮಾಡಿ ಎ-ಬಿ ವಯರ್ ನಡುವೆ ಮಲ್ಟಿಮೀಟರ್ ಇಡಿ. 60 ಓಮ್ ಹತ್ರ ಬಂದ್ರೆ ಸರಿ. 120 ಬಂದ್ರೆ ಒಂದೇ ತುದಿಗೆ ಹಾಕಿದಾರೆ. 40 ಬಂದ್ರೆ ಎಲ್ಲೋ ಮೂರನೆಯದು ಕೂತಿದೆ.

ಭೋಸರಿ_ಟರ್ನಿಂಗ್
41 ತೋರಿಸ್ತು ಸರ್.

ತಳವಡೆ_ಪ್ಯಾನೆಲ್
ಅಲ್ಲೇ ಸಿಕ್ತಲ್ಲ. 485 ಲೈನ್‌ನ ಪೈಗೆ ಸೇರಿಸೋ ಯುಎಸ್‌ಬಿ ಕನ್ವರ್ಟರ್ ಬೋರ್ಡ್ ಮೇಲೇ ಹೆಚ್ಚಾಗಿ 120 ಓಮ್ ಇರುತ್ತೆ, ನಿಮ್ಮವರು ಎರಡು ತುದಿಗೆ ಬೇರೆ ಹಾಕಿದಾರೆ, ಪೈ ನಡುವೆ ಎಲ್ಲೋ ಇದೆ. ಕನ್ವರ್ಟರ್‌ದು ತೆಗೆದುಹಾಕಿ. ಹಾಗೇ ಎಲ್ಲಾ ಮೀಟರ್‌ಗೂ ಸ್ಲೇವ್ ಐಡಿ (ಲೈನ್ ಮೇಲಿನ ನಂಬರ್) ಬೇರೆ ಬೇರೆ ಇದೆಯಾ, ಪ್ಯಾರಿಟಿ ಸೆಟ್ಟಿಂಗ್ ಎಲ್ಲಾ ಕಡೆ ಒಂದೇನಾ ನೋಡಿ. ವೇಗ 9600 ಬಾಡ್ ಸಾಕು, 19200 ಮಾಡೋಕೆ ಹೋಗ್ಬೇಡಿ.

ನಿಗಡಿ_ನೋಡ್‌ರೆಡ್
ಪೋಲಿಂಗ್, ಅಂದ್ರೆ ಪೈ ಒಂದೊಂದೇ ಮೀಟರ್‌ನ ಕೇಳೋ ಸರದಿ, ಅದನ್ನೂ ನೋಡಿ. 9600ರಲ್ಲಿ ಒಂದು ಮೀಟರ್‌ನ ಪ್ರಶ್ನೆ-ಉತ್ತರ 50 ಮಿಲಿಸೆಕೆಂಡ್ ಆಸುಪಾಸಿನಲ್ಲಿ ಮುಗಿಯುತ್ತೆ. ಆದ್ರೆ ಒಂದು ಮೀಟರ್ ಸತ್ತಿದ್ದು, ಟೈಮ್‌ಔಟ್ 1 ಸೆಕೆಂಡ್, ಮೂರು ಸಲ ಪ್ರಯತ್ನ ಅಂತ ಇಟ್ಟಿದ್ರೆ, ಪ್ರತಿ ಸುತ್ತಿಗೂ 3 ಸೆಕೆಂಡ್ ಅದರ ಬಾಗಿಲಲ್ಲೇ ಕಾಯ್ಬೇಕು. ಹಿಂದಿನ ಕ್ಯೂ ತುಂಬಿ ಮಿಕ್ಕವುಗಳ ರೀಡಿಂಗೂ ಹೋಗುತ್ತೆ. ಟೈಮ್‌ಔಟ್ 300 ಮಿಲಿಸೆಕೆಂಡ್‌ಗೆ ಇಳಿಸಿ, ಪ್ರಯತ್ನ ಒಂದಕ್ಕೆ.

ಇನ್ನೊಂದು ಸಂಶಯ: 32 ಬಿಟ್ ಫ್ಲೋಟ್‌ನ ವರ್ಡ್ ಆರ್ಡರ್ ತಪ್ಪಿರಬಹುದಾ, ಅಂದ್ರೆ ಮೀಟರ್ ಕಳಿಸೋ ಸಂಖ್ಯೆಯ ಎರಡು ಅರ್ಧ ಹಿಂದುಮುಂದಾಗಿ ಓದ್ತಿರಬಹುದಾ?

ತಳವಡೆ_ಪ್ಯಾನೆಲ್
ವರ್ಡ್ ಆರ್ಡರ್ ತಪ್ಪಿದ್ರೆ ಸಂಖ್ಯೆ ಒಂದೋ ಕೋಟಿಗಟ್ಟಲೆ ಬರುತ್ತೆ, ಇಲ್ಲಾ ಸೊನ್ನೆಗೆ ಅಂಟಿಕೊಂಡಿರುತ್ತೆ. ಶೇಕಡಾ 20 ಕಮ್ಮಿ ಅಂತ ಸಭ್ಯವಾಗಿ ಬರಲ್ಲ. ಇದು ನಾಯ್ಸ್, ಸಿಗ್ನಲ್‌ಗೆ ಹೊರಗಿನ ಅಡಚಣೆ. ನಿಮ್ಮಲ್ಲಿ ಮೋಟರ್ ವೇಗ ಬದಲಿಸೋ ಡ್ರೈವ್, ವಿಎಫ್‌ಡಿ, ಇದೆಯಾ?

ಭೋಸರಿ_ಟರ್ನಿಂಗ್
ಕನ್ವರ್ಟರ್‌ದು ತೆಗದ ಮ್ಯಾಲ 61 ಬಂತು, ಟೈಮ್‌ಔಟೂ ಇಳಿಸೇನಿ. ಡೇಟಾ ಬಿಡೂದು ಭಾಳ ಕಮ್ಮಿ ಆಗ್ಯದ. ಆದ್ರ ಬಿಲ್ ಜೋಡಿ ಫರಕು ಹಂಗ ಅದ. ವಿಎಫ್‌ಡಿ ಅದಾವಲ್ರಿ, ಎರಡು ಕೂಲಂಟ್ ಪಂಪಿಗೆ ಮತ್ತ ಒಂದು ಬ್ಲೋವರಿಗೆ. ಅದು ಮೊದಲ ಹೇಳ್ಬೇಕಿತ್ತೇನು?

ತಳವಡೆ_ಪ್ಯಾನೆಲ್
ಹೇಳ್ಬೇಕಿತ್ತು! ವಿಎಫ್‌ಡಿಯಿಂದ ಮೋಟರ್‌ಗೆ ಹೋಗೋ ಕೇಬಲ್ ಪಕ್ಕದಲ್ಲೇ 485 ಕೇಬಲ್ ಒಂದೇ ಟ್ರೇನಲ್ಲಿ ಹಾಯಿಸಿದಾರೆ ಅನ್ಸುತ್ತೆ. ಕನಿಷ್ಠ 300 ಮಿಲಿಮೀಟರ್ ದೂರ ಇಡಿ. ದಾಟಲೇಬೇಕಾದ ಕಡೆ ನೇರ 90 ಡಿಗ್ರಿಯಲ್ಲಿ ದಾಟಿಸಿ. ಶೀಲ್ಡ್ ಪೈ ಕಡೆ ಒಂದೇ ತುದಿಗೆ ಅರ್ತ್.

ಚಾಕಣ_ಲೋರಾ
ಈ ವಯರ್ ಗೋಳೇ ಬೇಡ ಅಂತ ನಮ್ಮಲ್ಲಿ ಎಲ್ಲಾ ಲೋರಾವ್ಯಾನ್ ಅನ್ನೋ ರೇಡಿಯೋ ನೆಟ್‌ವರ್ಕ್‌ಗೆ ಹಾಕಿಬಿಟ್ಟಿದೀವಿ. 865ರಿಂದ 867 ಮೆಗಾಹರ್ಟ್ಜ್, ಲೈಸೆನ್ಸ್ ಬೇಡ. ಪ್ರತಿ ಪ್ಯಾನೆಲ್‌ನಲ್ಲಿ ಒಂದು ಮಾಡ್‌ಬಸ್-ಲೋರಾ ನೋಡ್, ಶೆಡ್ ಮೇಲೆ ಒಂದೇ ಗೇಟ್‌ವೇ, ಎರಡು ಶೆಡ್ ಪೂರ್ತಿ ಕವರ್. ಅದನ್ನ ನಡೆಸೋ ಚಿರ್ಪ್‌ಸ್ಟ್ಯಾಕ್ ಸರ್ವರ್ ನಮ್ಮದೇ ಮಷಿನ್ ಮೇಲೆ. ಗೋಡೆಗೆ 55 ಇಂಚಿನ ಟಿವಿ, ಯಾವ ಲೈನ್ ಹೆಚ್ಚು ಕುಡೀತಿದೆ ಅಂತ ಆಪರೇಟರ್‌ಗೇ ಕಾಣುತ್ತೆ. ಒಂದ್ಸಲ ಬಂದು ನೋಡಿ.

ತಳವಡೆ_ಪ್ಯಾನೆಲ್
ಲೋರಾದಲ್ಲಿ 15 ನಿಮಿಷಕ್ಕೆ ಒಂದು ರೀಡಿಂಗ್ ಕಳಿಸ್ತೀರಿ. ಪಾರ್ಟ್ ಸೈಕಲ್ 90 ಸೆಕೆಂಡ್ ಇದ್ರೆ ಅದರಲ್ಲಿ ಏನು ಗೊತ್ತಾಗುತ್ತೆ?

ಚಾಕಣ_ಲೋರಾ
ತಿಂಗಳ ಕಾರ್ಬನ್ ಲೆಕ್ಕಕ್ಕೆ 15 ನಿಮಿಷ ಧಾರಾಳ ಆಯ್ತು. ಸೈಕಲ್ ಸೈಕಲ್‌ಗೂ ಯಾರು ಕೇಳಿದಾರೆ?

ಚಿಂಚವಡ_ಎನರ್ಜಿ
ಸ್ವಲ್ಪ ತಡೀರಿ ಎಲ್ಲರೂ. ಒಂದು ಮೂಲ ವಿಷಯ ಯಾರೂ ಕೇಳಿಲ್ಲ. ಯುನಿಟ್ ಲೆಕ್ಕ ಇಡೋದು ಮೀಟರ್ ಒಳಗಿನ ರಿಜಿಸ್ಟರ್. ಬಸ್ ಇಡೀ ದಿನ ಸತ್ತು ಬಿದ್ದಿದ್ರೂ ಅದು ಕೂಡಿಸ್ತಾ ಇರುತ್ತೆ. ತಿಂಗಳ ಕೊನೆಯ ರೀಡಿಂಗಿನಲ್ಲಿ ಮೊದಲ ದಿನದ್ದನ್ನ ಕಳೆದ್ರೆ ನಡುವೆ ಎಷ್ಟು ಡೇಟಾ ಹೋಯ್ತು ಅನ್ನೋದು ಲೆಕ್ಕಕ್ಕೇ ಬರಲ್ಲ. ಹಾಗಿರುವಾಗ ನಾಯ್ಸ್‌ನಿಂದ 12,500 ಯುನಿಟ್ ಕಾಣೆ ಆಗೋದು ಹೇಗೆ?

ಭೋಸರಿಯವರೇ, ಮೂರು ಉತ್ತರ ಕೊಡಿ. ನೋಡ್-ರೆಡ್‌ನಲ್ಲಿ ಯಾವ ರಿಜಿಸ್ಟರ್ ಓದ್ತಿದೀರಿ, ಎನರ್ಜಿನಾ ಅಥವಾ ಕಿಲೋವ್ಯಾಟಾ? ಬಿಲ್‌ನ 62,000 ಅನ್ನೋದು ಕೆಡಬ್ಲ್ಯೂಎಚ್ಚಾ (ನಿಜವಾಗಿ ಖರ್ಚಾದ ಯುನಿಟ್), ಕೆವಿಎಎಚ್ಚಾ (ಪವರ್ ಫ್ಯಾಕ್ಟರ್ ಕಮ್ಮಿ ಇದ್ದಷ್ಟೂ ಅದಕ್ಕಿಂತ ಹೆಚ್ಚು ಬರೋದು)? ಎಲ್ಲಕ್ಕಿಂತ ದೊಡ್ಡ ಲೋಡ್ ಯಾವುದು, ಅದು ನಡೀತಿರುವಾಗ ಮೀಟರ್‌ನ ಮುಖದ ಮೇಲೆ ಮೂರೂ ಫೇಸ್‌ನ ಆಂಪ್ಸ್, ಕಿಲೋವ್ಯಾಟ್, ಪವರ್ ಫ್ಯಾಕ್ಟರ್ (ಎಳೆದದ್ದರಲ್ಲಿ ನಿಜ ಕೆಲಸಕ್ಕೆ ಹೋಗೋ ಪಾಲು) ಬೇರೆ ಬೇರೆ ಬರ್ಕೊಂಡು ಬನ್ನಿ.

ತಳವಡೆ_ಪ್ಯಾನೆಲ್
ಮೊದಲು ಶೀಲ್ಡ್ ನೋಡಿ ಸರ್, ಆಮೇಲೆ ಇದೆಲ್ಲಾ. ಬುಡ ಸರಿ ಇಲ್ದೆ ಮೇಲಿಂದು ಅಳೆದು ಏನು ಪ್ರಯೋಜನ?

ಭೋಸರಿ_ಟರ್ನಿಂಗ್
ಕಿಲೋವ್ಯಾಟ್ ಓದಿ, ನಿಮಿಷಕ್ಕೊಮ್ಮೆ 60ರಿಂದ ಭಾಗಿಸಿ ಕೂಡಿಸ್ತೀವ್ರಿ. ಬಿಲ್ ಮ್ಯಾಲ ನೋಡಿದೆ, 62,000 ಅಂಬೋದು ಕೆವಿಎಎಚ್ ಅದ, ಕೆಡಬ್ಲ್ಯೂಎಚ್ 60,100. ದೊಡ್ಡ ಲೋಡಂದ್ರ ಕಂಪ್ರೆಸರ್, 37 ಕಿಲೋವ್ಯಾಟ್ ಸ್ಕ್ರೂ. ಲೋಡ್ ಮ್ಯಾಲ ಇದ್ದಾಗ:
ಆರ್: 64 ಆಂಪ್ಸ್, 13.2, ಪಿಎಫ್ 0.86
ವೈ: 64 ಆಂಪ್ಸ್, 13.1, ಪಿಎಫ್ 0.86
ಬಿ: 65 ಆಂಪ್ಸ್, ಮೈನಸ್ 13.3, ಪಿಎಫ್ ಮೈನಸ್ 0.86
ಟೋಟಲ್: 13.0

ಚಿಂಚವಡ_ಎನರ್ಜಿ
ಸಿಕ್ತು. ಬಿ ಫೇಸ್‌ನ ಸಿಟಿ, ಅಂದ್ರೆ ಕೇಬಲ್ ಸುತ್ತ ಕೂತು ಮೀಟರ್‌ಗೆ ಕರೆಂಟ್ ಅಳೆದು ಕೊಡೋ ಕರೆಂಟ್ ಟ್ರಾನ್ಸ್‌ಫಾರ್ಮರ್, ಉಲ್ಟಾ ಇದೆ. 37 ಕಿಲೋವ್ಯಾಟ್ ಮೋಟರ್ ಪೂರ್ತಿ ಲೋಡ್‌ನಲ್ಲಿ ಲೈನಿಂದ ಸುಮಾರು 40 ಎಳೀಬೇಕು. ಎರಡು ಫೇಸ್ ಪ್ಲಸ್, ಒಂದು ಮೈನಸ್ ಆದಾಗ ಉಳಿಯೋದು ಮೂರನೇ ಒಂದು ಭಾಗ. ಆಂಪ್ಸ್‌ಗೆ ಪ್ಲಸ್-ಮೈನಸ್ ಇಲ್ಲ, ಹಾಗಾಗಿ ಬರೀ ಆಂಪ್ಸ್ ನೋಡಿದೋರಿಗೆ ಎಲ್ಲಾ ಸರಿ ಅಂತಲೇ ಕಾಣುತ್ತೆ. ಸಿಟಿಯ ಪಿ1 ಮುಖ ಸಪ್ಲೈ ಕಡೆ ಇರಬೇಕು. ಕೇಬಲ್ ಕಟ್ಟಿನ ಹಿಂದೆ ಆ ಅಕ್ಷರ ಮುಚ್ಚಿಹೋಗಿರುತ್ತೆ, ಟಾರ್ಚ್ ಹಾಕಿ ನೋಡಿ.

ಉಳಿದ 10 ಮೀಟರ್‌ಗಳನ್ನೂ ಹೀಗೇ ಫೇಸ್‌ವಾರು ನೋಡಿ. ಎರಡು ಫೇಸ್‌ನ ಸಿಟಿ ಅದಲುಬದಲಾಗಿದ್ರೆ ಗುರುತು ಬೇರೆ: ಸಮತೋಲದ ಮೋಟರ್ ಲೋಡ್‌ನಲ್ಲಿ ಟೋಟಲ್ ಸೊನ್ನೆ ಹತ್ರ ಬರುತ್ತೆ. ಸಿಟಿ ರೇಶಿಯೋ ತಪ್ಪು ಹಾಕಿದ್ರೆ ಆಂಪ್ಸೇ ತಪ್ಪು ಬರುತ್ತೆ, ಕ್ಲಾಂಪ್ ಮೀಟರ್ ಹಿಡಿದ್ರೆ ಗೊತ್ತಾಗುತ್ತೆ. ವಿಎಫ್‌ಡಿ ಇರೋ ಕಡೆ ಸಿಟಿ ಡ್ರೈವ್‌ನ ಇನ್‌ಪುಟ್ ಕಡೆ ಇರಲಿ, ಮೋಟರ್ ಕಡೆ ಬೇಡ.

ಕೈ ಹಾಕೋ ಮೊದಲು ಇದನ್ನ ಓದಿ. ಲೈನ್ ಚಾಲೂ ಇರುವಾಗ ಸಿಟಿಯಿಂದ ಮೀಟರ್‌ಗೆ ಬರೋ ಎಸ್1-ಎಸ್2 (ಸೆಕೆಂಡರಿ) ವಯರ್ ಯಾವ ಕಾರಣಕ್ಕೂ ಬಿಚ್ಚಬೇಡಿ. ಸೆಕೆಂಡರಿ ತೆರೆದುಕೊಂಡ್ರೆ ತುದಿಯಲ್ಲಿ ಜೀವ ತೆಗೆಯೋಷ್ಟು ವೋಲ್ಟೇಜ್ ಏರುತ್ತೆ, ಸಿಟಿಯೂ ಸುಡುತ್ತೆ. ಫೀಡರ್ ಆಫ್ ಮಾಡಿ, ಲಾಕ್ ಹಾಕಿ, ಶಾರ್ಟಿಂಗ್ ಲಿಂಕ್ ಇದ್ರೆ ಅದನ್ನೂ ಹಾಕಿ, ಆಮೇಲೆ ಮೀಟರ್ ಹತ್ರ ಬಿ ಫೇಸ್‌ನ ಎಸ್1, ಎಸ್2 ಅದಲುಬದಲು ಮಾಡಿ. ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

ನೋಡ್-ರೆಡ್‌ನಲ್ಲಿ ಕಿಲೋವ್ಯಾಟ್ ಕೂಡಿಸೋದು ಬಿಟ್ಟುಬಿಡಿ. ಕಂಪ್ರೆಸರ್ ಲೋಡ್-ಅನ್‌ಲೋಡ್ (ಗಾಳಿ ಒತ್ತೋದು, ಆಮೇಲೆ ಸುಮ್ನೆ ತಿರುಗೋದು) ಆಗ್ತಾ ಇರುತ್ತೆ, ನಿಮಿಷಕ್ಕೊಂದು ರೀಡಿಂಗ್‌ಗೆ ಅದು ಸಿಗಲ್ಲ. ಎನರ್ಜಿ ರಿಜಿಸ್ಟರ್ ಓದಿ, ವ್ಯತ್ಯಾಸ ತೆಗೀರಿ. ಕಿಲೋವ್ಯಾಟ್ ಗ್ರಾಫ್‌ಗೆ ಮಾತ್ರ ಇರಲಿ.

ನಿಗಡಿ_ನೋಡ್‌ರೆಡ್
ಕೆವಿಎಎಚ್‌ದು ದೊಡ್ಡ ಪಾಯಿಂಟ್. ಎಚ್‌ಟಿ (ಹೈ ಟೆನ್ಶನ್) ಬಿಲ್‌ನಲ್ಲಿ ಮಹಾರಾಷ್ಟ್ರದ ಕರೆಂಟ್ ಕಂಪನಿ ಮಹಾವಿತರಣ ದುಡ್ಡು ಹಾಕೋದು ಕೆವಿಎಎಚ್ ಮೇಲೆ, ಕಾರ್ಬನ್ ಗುಣಿಸಬೇಕಾದ್ದು ಕೆಡಬ್ಲ್ಯೂಎಚ್‌ಗೆ. ಗ್ರಿಡ್‌ಗೆ ಕಿಲೋವ್ಯಾಟ್-ಅವರ್‌ಗೆ ಸುಮಾರು 0.7 ಕೆಜಿ ಅಂತ ಹಿಡಿದ್ರೂ ಆ 1,900ರ ಫರಕಿಗೆ ತಿಂಗಳಿಗೆ 1.3 ಟನ್ ಇಲ್ಲದ ಕಾರ್ಬನ್ ಸೇರುತ್ತೆ. ನಿಖರ ಅಂಕಿ ಸಿಇಎ (ಕೇಂದ್ರ ವಿದ್ಯುತ್ ಪ್ರಾಧಿಕಾರ) ಪ್ರತಿ ವರ್ಷ ಹೊರಡಿಸೋ ಡೇಟಾಬೇಸ್‌ನಿಂದ ತಗೊಳ್ಳಿ, ಶೀಟ್‌ನಲ್ಲಿ ಯಾವ ವರ್ಷದ್ದು ಅಂತ ಬರೀರಿ.

ಚಾಕಣ_ಲೋರಾ
ಮಾಲು ಯುರೋಪಿಗೆ ಹೋದ್ರೆ ಸಿಬಿಎಎಂ (ಗಡಿಯಲ್ಲಿ ಹಾಕೋ ಕಾರ್ಬನ್ ಸುಂಕ) ಬೇರೆ ಇದೆ. ಕರೆಂಟ್ ಲೆಕ್ಕ ತಪ್ಪಿದ್ರೆ ಅಲ್ಲಿ ದುಡ್ಡೇ ಕಟ್ಬೇಕಾಗುತ್ತೆ.

ಚಿಂಚವಡ_ಎನರ್ಜಿ
ಸಿಬಿಎಎಂ ಪೂರ್ತಿ ಜಾರಿಗೆ ಬಂದಿದ್ದು 2026ರ ಜನವರಿ 1ರಿಂದ. ಕಬ್ಬಿಣ-ಉಕ್ಕಿನ ಸಾಮಾನಿಗೆ ಅಲ್ಲಿ ಲೆಕ್ಕ ನೇರ ಉತ್ಸರ್ಜನೆಗೆ ಮಾತ್ರ, ಕೊಂಡ ಕರೆಂಟ್‌ಗಲ್ಲ. ಬೋಲ್ಟು, ಸ್ಕ್ರೂ ಅದರೊಳಗೆ ಬರುತ್ತೆ. ವಾಹನದ ಬಿಡಿಭಾಗ ಅಂತ ಕೋಡ್ ಬಿದ್ದದ್ದು ಬರಲ್ಲ. ಇವರ ಗಿರಾಕಿ ಕೇಳ್ತಿರೋದು ತನ್ನ ಸಪ್ಲೈ ಚೈನ್ ಲೆಕ್ಕಕ್ಕೆ. ಎರಡನ್ನೂ ಬೆರೆಸ್ಬೇಡಿ.

ಚಾಕಣ_ಲೋರಾ
ಮುಂದೆ ಬರುತ್ತೆ ನೋಡಿ.

ಭೋಸರಿ_ಟರ್ನಿಂಗ್
ಸರ್, ಗುರುವಾರ ರಜಾ ದಿನ ಫೀಡರ್ ಬಂದ್ ಮಾಡಿ ಎಲೆಕ್ಟ್ರಿಷಿಯನ್ ಕಡಿಂದ ಬದಲಿಸೇವಿ. ಈಗ 13.2, 13.1, 13.3, ಟೋಟಲ್ 39.6. ಬ್ಯಾರೆ ಮೀಟರ್ ಎಲ್ಲಾ ಪ್ಲಸ್ ಅದಾವ. ಹೋದ ತಿಂಗಳ ಕಂಪ್ರೆಸರ್ 4,400 ತೋರಿಸಿತ್ತು, ಮೂರ ಪಟ್ಟು ಮಾಡಿದ್ರ 13,200. ಅಂದ್ರ ಮೊತ್ತ 58,300, ಬಿಲ್ 60,100. ಇನ್ನೂ 1,800 ಉಳೀತು. ಮತ್ತ ಈಗಾಗ್ಲೇ ಕಳಿಸಿದ ಹಳೀ ಶೀಟಿಗೆ ಏನ ಮಾಡಬೇಕು?

ಚಿಂಚವಡ_ಎನರ್ಜಿ
1,800 ಅಂದ್ರೆ ಶೇಕಡಾ 3. ಟ್ರಾನ್ಸ್‌ಫಾರ್ಮರ್ ನಷ್ಟ, ಮೀಟರ್ ಇಲ್ಲದ ಲೈಟು, ಆಫೀಸ್ ಎಸಿ, ಬಿಟ್ಟುಹೋದ ನಿಮಿಷಗಳು, ಇಷ್ಟಕ್ಕೆ ಅದು ಸಹಜ. ಅದನ್ನ ಮುಚ್ಚಬೇಡಿ, "ಸಾಮಾನ್ಯ ಬಳಕೆ" ಅಂತ ಬೇರೆ ಸಾಲು ಹಾಕಿ. ಹಳೇ ಶೀಟ್ ತಿದ್ದಿ ಮತ್ತೆ ಕಳಿಸಿ. ಕಂಪ್ರೆಸರ್ ಅಂಕಿ ಮೂರು ಪಟ್ಟು ಮಾಡಿದ್ದು ಅಂದಾಜು, ಕಾರಣ ಸಿಟಿ ಪೊಲಾರಿಟಿ ಅಂತ ಷರಾ ಬರೆದೇ ಕಳಿಸಿ. ಆಡಿಟರ್ ಕೇಳೋದು ಆ ಷರಾನೇ.

ತಳವಡೆ_ಪ್ಯಾನೆಲ್
ಸಿಟಿದು ಒಪ್ಪಿದೆ. ಆದ್ರೂ ಶೀಲ್ಡ್ ಎರಡೂ ಕಡೆ ಅರ್ತ್ ಆಗಿದ್ರೆ ಇನ್ನೊಂದು ದಿನ ಕನ್ವರ್ಟರ್ ಸುಡುತ್ತೆ, ನೋಡಿಬಿಡಿ.

ಭೋಸರಿ_ಟರ್ನಿಂಗ್
ನೋಡ್ತೀನ್ರಿ. ಈಗ ಹೊಸಾ ತೊಡಕು. ಕಂಪ್ರೆಸರ್‌ದು ಈ 13,200ನ ಪಾರ್ಟ್‌ವಾರು ಹೆಂಗ ಹಂಚೋದು? ಮಷಿನ್ ತಾಸಿನ ಮ್ಯಾಲೋ, ಪಾರ್ಟ್ ಎಣಿಕೆ ಮ್ಯಾಲೋ?

ನಿಗಡಿ_ನೋಡ್‌ರೆಡ್
ಮಷಿನ್ ತಾಸು. ಸ್ಪಿಂಡಲ್ ಆನ್ ಸಿಗ್ನಲ್ ಮಷಿನ್‌ನ ಕಂಟ್ರೋಲರ್ ಪಿಎಲ್‌ಸಿಯಿಂದ ತಗೊಂಡ್ರೆ ಸುಲಭ.

ಚಿಂಚವಡ_ಎನರ್ಜಿ
ಸ್ಪಿಂಡಲ್ ತಿರುಗಿದ ಮಾತ್ರಕ್ಕೆ ಗಾಳಿ ಖರ್ಚಾಗಲ್ಲ. ಗಾಳಿ ತಿನ್ನೋದು ಏರ್ ಗನ್ನು, ಚಕ್ ಕ್ಲ್ಯಾಂಪು, ಮತ್ತೆ ಸೋರಿಕೆ. ಹಂಚೋ ಮೊದಲು ಸೋರಿಕೆ ಬೇರೆ ಮಾಡಿ, ಅದು ಯಾವ ಪಾರ್ಟ್‌ದೂ ಅಲ್ಲ. ಮುಂದಿನ ಗುರುವಾರ ಯಾವ ಮಷಿನ್ನೂ ಗಾಳಿ ತಗೊಳ್ಳದೇ ಇರುವಾಗ ಕಂಪ್ರೆಸರ್ ಒಂದನ್ನೇ ಚಾಲೂ ಮಾಡಿ. ಆವತ್ತು ರೀಡಿಂಗ್ ನಿಮಿಷಕ್ಕೊಂದಲ್ಲ, ಕೆಲವೇ ಸೆಕೆಂಡ್‌ಗೊಂದು ಇಟ್ರೆ ಲೋಡ್ ಆದ ಸಮಯ, ಅನ್‌ಲೋಡ್ ಆದ ಸಮಯ ಗ್ರಾಫಾನಾದಲ್ಲೇ ಕಾಣುತ್ತೆ: 40 ಕಿಲೋವ್ಯಾಟ್ ಇದ್ರೆ ಲೋಡ್, 12 ಆಸುಪಾಸು ಇದ್ರೆ ಅನ್‌ಲೋಡ್. ಲೋಡ್ ಸಮಯವನ್ನ ಎರಡರ ಮೊತ್ತದಿಂದ ಭಾಗಿಸಿ. 90 ಸೆಕೆಂಡ್ ಲೋಡ್, 360 ಅನ್‌ಲೋಡ್ ಬಂದ್ರೆ ಸೋರಿಕೆ ಶೇಕಡಾ 20. 10ರ ಒಳಗೆ ತರಬೇಕು. 7 ಬಾರ್‌ನಲ್ಲಿ 3 ಮಿಲಿಮೀಟರ್ ತೂತು ಒಂದೇ ಸುಮಾರು 3 ಕಿಲೋವ್ಯಾಟ್ ತಿನ್ನುತ್ತೆ. ಕ್ವಿಕ್ ಕಪ್ಲರ್, ಎಫ್‌ಆರ್‌ಎಲ್‌ನ (ಗಾಳಿ ಸೋಸೋ ಫಿಲ್ಟರ್-ರೆಗ್ಯುಲೇಟರ್) ಬೌಲ್, ಹಳೇ ಪಿಯು (ಪ್ಲಾಸ್ಟಿಕ್) ಟ್ಯೂಬ್‌ನ ತುದಿ, ಆಟೋ ಡ್ರೈನ್, ಈ ನಾಲ್ಕು ಕಡೆ ಸೋಪ್ ನೀರು ಹಾಕಿ ನೋಡಿ. ಪ್ರೆಶರ್ ಸೆಟ್ಟಿಂಗ್ 1 ಬಾರ್ ಇಳಿಸೋಕೆ ಸಾಧ್ಯ ಇದ್ರೆ ಅದರಿಂದಲೇ ಶೇಕಡಾ 6-7 ಉಳಿಯುತ್ತೆ.

ಚಾಕಣ_ಲೋರಾ
ಪ್ರತಿ ಸೆಲ್‌ಗೂ (ಮಷಿನ್ ಗುಂಪು) ಗಾಳಿ ಅಳೆಯೋ ಥರ್ಮಲ್ ಮಾಸ್ ಫ್ಲೋ ಮೀಟರ್ ಹಾಕಿಬಿಡಿ, ಹಂಚೋ ಗೊಂದಲವೇ ಇರಲ್ಲ. ನಮ್ಮಲ್ಲಿ ಮೂರು ಇದೆ, ಅವೂ ಲೋರಾ ಮೇಲೆ.

ತಳವಡೆ_ಪ್ಯಾನೆಲ್
ಅದರ ರೇಟ್ ಹೇಳಿ ಮೊದಲು. ಸಣ್ಣ ಶಾಪ್‌ನೋರು ಪ್ರತಿ ಸೆಲ್‌ಗೂ ಎಲ್ಲಿಂದ ತರ್ತಾರೆ?

ಭೋಸರಿ_ಟರ್ನಿಂಗ್
ಸೋರಿಕಿ ಟೆಸ್ಟ್ ಈ ಗುರುವಾರ ಮಾಡ್ತೀವ್ರಿ. ಫ್ಲೋ ಮೀಟರ್ ಒಂದ ತಗೊಂಡ್ರ ಯಾವ ಲೈನಿಗೆ ಹಾಕೋದು, ಟ್ಯಾಂಕ್ ಆದಮ್ಯಾಲೋ, ಡ್ರೈಯರ್ ಆದಮ್ಯಾಲೋ?

ಚಿಂಚವಡ_ಎನರ್ಜಿ
ಡ್ರೈಯರ್ ಆದ್ಮೇಲೆ. ಒದ್ದೆ ಗಾಳಿಯಲ್ಲಿ ಥರ್ಮಲ್ ಮೀಟರ್ ಹೆಚ್ಚು ತೋರಿಸುತ್ತೆ. ಬೆಂಡ್ ಹತ್ರ ಬೇಡ, ನೇರ ಪೈಪ್ ಇರೋ ಕಡೆ ಹಾಕಿ. ಟೆಸ್ಟ್‌ನ ಲೋಡ್-ಅನ್‌ಲೋಡ್ ಸಮಯ ಇಲ್ಲೇ ಹಾಕಿ, ಅದನ್ನ ನೋಡ್ದೇ ಹಂಚೋ ಸೂತ್ರ ಹೇಳೋಕಾಗಲ್ಲ.