ಪಂಚಮಿ ಬರೋದ್ರಾಗ ಅಡಿಗಿಮನಿ ಹಗರ ಮಾಡ್ಬೇಕಾಗೇತಿ, ಅತ್ತಿಯವ್ರ ಭಾಂಡೆ ಏನ್ ಮಾಡ್ಲಿ?

ಹಳೇಹುಬ್ಬಳ್ಳಿ ಸೊಸಿ:
ಎಲ್ಲಾರಿಗೂ ನಮಸ್ಕಾರ್ರಿ. ನಮ್ದು ಹಳೇ ಹುಬ್ಬಳ್ಳ್ಯಾಗ ಹಳೇ ಮನಿ, ಅಡಿಗಿಮನಿ 8 ಫೂಟ್ ಅಗಲ 10 ಫೂಟ್ ಉದ್ದ ಅಷ್ಟ. ನಮ್ಮ ಓಣ್ಯಾಗ ನಳ ದಿನಾ ಬರಂಗಿಲ್ಲ, ಹಂಗಾಗಿ ಕೊಡ, ಬ್ಯಾರಲ್ ಎಲ್ಲಾ ಒಂದ ಗ್ವಾಡಿ ಹಿಡಕೊಂಡ ನಿಂತಾವ. ನಿನ್ನೆ ಡಬ್ಬಿ ಎಣಿಸಿದೆ, 43 ಅದಾವ್ರಿ, ಅದ್ರಾಗ 14 ಖಾಲಿ, ಆರಕ್ಕ ಮುಚ್ಚಳಾನ ಇಲ್ಲ. ರವಾ ಪಾಕೀಟ ಮೂರು ಒಡದಾವ, ಮೂರ್ರಾಗೂ ನುಸಿ. ಮೊನ್ನೆ ಹಂಚು ಜಗ್ಗಾಕ ಹೋದ್ರ ಮ್ಯಾಲಿನ ಪರಾತ ಜಾರಿ ಕಾಲಮ್ಯಾಲೆ ಬಿತ್ತು, ಹೆಬ್ಬೆರಳು ಇನ್ನೂ ಕರ್ರಗೈತಿ. ಅಟ್ಟದಮ್ಯಾಲೆ ಅತ್ತಿಯವ್ರ ತವರಮನಿಯಿಂದ ಬಂದ ತಾಮ್ರದ ಹಂಡೆ, ಹಿತ್ತಾಳಿ ಪಾತೇಲಿ, ಗಂಗಾಳ ಅದಾವ, ಅಂಚಿಗೆ ಚುಕ್ಕಿ ಚುಕ್ಕಿ ಹೊಡದು ಅವರ ಹೆಸರು ಹಾಕ್ಸ್ಯಾರ. ಅವನ್ನ ತಗೀರಿ ಅನ್ನಾಕ ನನಗ ಬಾಯಿ ಬರವಲ್ದು. ಎಲ್ಲಿಂದ ಚಾಲೂ ಮಾಡ್ಲಿ?

ಧಾರವಾಡ ಅಕ್ಕಾ:
ತಂಗಿ, ಭಾಂಡೆಗೆ ಈಗ ಕೈ ಹಚ್ಚಬ್ಯಾಡ. ಮೊದಲ ಕಾಳು ಹಿಟ್ಟು ಹೊರಗ ತಗಿ, ಪಡಸಾಲ್ಯಾಗ ಒಂದ ಚಾದರ ಹಾಸಿ ಎಲ್ಲಾ ಸುರುವಿ ನೋಡು. ನನ್ನ ಅನುಭವದಾಗ ಅರ್ಧ ಜಾಗಾ ತಿನ್ನಾಕ ಬರದ ಸಾಮಾನ ತಿಂತಿರ್ತಾವ. ಸಜ್ಜಿ ಹಿಟ್ಟಿನ್ಯಾಗ ಎಣ್ಣಿ ಅಂಶ ಇರ್ತೈತಿ, ಬೀಸಿಟ್ರ ಲಗೂನ ಕಹಿ ಆಗ್ತೈತಿ, ಅದನ್ನ ಒಂದ ವಾರಕ್ಕಾಗುವಷ್ಟ ಬೀಸ್ಸು, ಜ್ವಾಳದ್ದು 15 ದಿನದ್ದು ಸಾಕು. ಅಗಸಿ ಚಟ್ನಿ, ಶೇಂಗಾ ಚಟ್ನಿನೂ ಹಂಗ, ಜಾಸ್ತಿ ದಿನ ಇಟ್ರ ಎಣ್ಣಿ ವಾಸನಿ ಹೊಡಿತಾವ, ಸಣ್ಣ ಡಬ್ಬಿ ಸಾಕು. ರವಾ ತಂದ ದಿನಾನ ಹುರದು ಆರಿಸಿ ಇಡು. ವರ್ಷದ ಬ್ಯಾಡಗಿ ಮೆಣಸಿನಕಾಯಿ ಅಡಿಗಿಮನ್ಯಾಗ ಯಾಕ ಇರ್ಬೇಕು ಹೇಳು? ಬೆಳಕು, ಹಬೆ ಎರಡೂ ಬಡದು ಅದರ ಕೆಂಪು ಹೊಕ್ಕೈತಿ. ಒಣಗಿಸಿ, ಬಿಗಿ ಮುಚ್ಚಳದ ಡಬ್ಬ್ಯಾಗ ಒಳಗಿನ ಖೋಲ್ಯಾಗ ಕತ್ತಲಿಗೆ ಇಡು, ಖಾರ ಎರಡ್ ಮೂರ್ ತಿಂಗಳದ್ದಷ್ಟ ಕುಟ್ಟಿಸ್ಕೋ. ಇಷ್ಟ ಮಾಡಿದ್ರ ನಿನ್ನ ಡಬ್ಬಿ ಹತ್ತರೆ ಕಮ್ಮಿ ಆಗ್ತಾವ.

ಗದಗ ಬೆಟಗೇರಿ:
ನಮ್ಮವ್ವಗ ಮೊಣಕಾಲ ನೋವು, ಅಡಗಿ ನಾನ ಮಾಡ್ತೇನ್ರಿ ಅಕ್ಕಾರ, ಅದಕ್ಕ ಒಂದ ಮಾತು. ಭಾಂಡೆ ಸಣ್ಣದು ದೊಡ್ಡದು ಅಂತ ಜೋಡಸಬ್ಯಾಡ್ರಿ, ಕೆಲಸದ ಪ್ರಕಾರ ಇಡ್ರಿ. ರೊಟ್ಟಿದು ಒಂದ ಮೂಲಿ: ಹಂಚು, ಪರಾತ, ಹಿಟ್ಟಿನ ಡಬ್ಬಿ, ನೀರು ಸವರೋ ಅರಿವಿ, ರೊಟ್ಟಿ ಬುಟ್ಟಿ, ಎಲ್ಲಾ ಕೈ ಚಾಚಿದ್ರ ಸಿಗ್ಬೇಕು. ನಾನು ಹಂಚು ಗ್ವಾಡಿಗೆ ಮೊಳಿ ಹೊಡದು ತೂಗ ಹಾಕೇನಿ, ಪರಾತ ಅದರ ಬಾಜೂಕ, ಜಗ್ಗೋದು ಬೀಳೋದು ಮುಗೀತು. ಚಕ್ಕಲಿ ಒತ್ತೋದು, ಶಾವಿಗಿ ಮಶೀನು ವರ್ಷಕ್ಕೊಮ್ಮೆ ಬೇಕು, ಅಟ್ಟಕ್ಕ ಹೋಗ್ಲಿ.
ಇನ್ನೊಂದು, ಸಿಲಿಂಡರ್ ಸುತ್ತ ಚೀಲ, ಹಳೇ ಪೇಪರ್ ಒಟ್ಟಬ್ಯಾಡ್ರಿ. ಗ್ಯಾಸು ಗಾಳಿಗಿಂತ ಭಾರ, ಸೋರಿದ್ರ ನೆಲದಾಗ ನಿಂದರತೈತಿ, ಹರದು ಹೋಗಾಕ ದಾರಿ ಬೇಕು. ಹಂಗ ಪೈಪಿನ ಮ್ಯಾಲಿನ ತಾರೀಖು ನೋಡ್ರಿ, 5 ವರ್ಷಕ್ಕ ಬದಲಿ ಮಾಡ್ಬೇಕು. ಟ್ರಾಲಿ ಮಾಡಸಬೇಕಂತಿದ್ರ ಪ್ಲೈವುಡ್ ಬ್ಯಾಡ. ನಾನು ಒಬ್ಬರ ಮಾತ ಕೇಳಿ ಮಾಡಿಸಿದೆ, ಕೊಡದ ನೀರು ಹನಿ ಹನಿ ಬಿದ್ದು ಒಂದ ಮಳಿಗಾಲಕ್ಕ ಉಬ್ಬಿ ಬಾಗಲಾನ ಹಾಕಾಕ ಬರವಲ್ವು, ಆ ರೊಕ್ಕಾ ನೆನಸ್ಕೊಂಡ್ರ ಇನ್ನೂ ಹೊಟ್ಟಿ ಉರಿತೈತಿ. ಕಡಪಾ ಕಲ್ಲಿನ ಫಳಿ ಹಾಕ್ಸ್ರಿ, ಒರಸಿದ್ರ ಮುಗೀತು.

ಹಾವೇರಿ ಅಮ್ಮ:
ನಾನೂ ಒಬ್ಬಾಕಿ ಅತ್ತೀನವಾ, ಅದಕ್ಕ ಬರ್ಯಾಕತ್ತೇನಿ. ನನ್ನ ಸೊಸಿ ನನ್ನ ಕುರ್ಚಿಮ್ಯಾಲೆ ಕುಂದರಿಸಿ ಒಂದೊಂದ ಭಾಂಡೆ ಕೈಯಾಗ ಕೊಟ್ಟು, ಅತ್ತಿ ಇದು ಯಾರ ಕೊಟ್ಟಿದ್ದು ಅಂತ ಕೇಳಿದ್ಲು. ಹೇಳ್ಕೋತ ಹೇಳ್ಕೋತ ನಾನ ಅರ್ಧ ಕಡೀಕ ಇಟ್ಟೆ, ಎರಡು ಹೆಣ್ಮಕ್ಕಳಿಗೆ ಹೋದ್ವು, ಸೀಳಿದ್ವು ತೂಕಕ್ಕ ಹಾಕಿದ್ವಿ. ಕೇಳದ ಮಾರಿದ್ರ ಮಾತ್ರ ಸಾಯೋತನ ಮರೀತಿದ್ದಿಲ್ಲ. ಹಂಡೆ ಅಟ್ಟದಮ್ಯಾಲೆ ಯಾಕ ಇಡ್ತಿ? ಹುಣಸಿಹಣ್ಣು ಹಚ್ಚಿ ತಿಕ್ಕಿ ನೀರು ತುಂಬು, ಆ ಪ್ಲಾಸ್ಟಿಕ್ ಬ್ಯಾರಲ್ ಹೊರಗ ಹಾಕು. ಹಿತ್ತಾಳಿ ಪಾತೇಲಿಗೆ ಕಲಾಯಿ ಇಲ್ಲದ ಸಾರು, ಮಜ್ಜಿಗಿ, ಹುಳಿ ಏನೂ ಹಾಕಬ್ಯಾಡ. ಮತ್ತ ಖಾಲಿ ಡಬ್ಬಿ ಎಲ್ಲಾ ಕೊಟ್ಟಗಿಟ್ಟೀ, ಪಂಚಮಿ ಉಂಡಿ ಕಟ್ಟಿದಮ್ಯಾಲೆ ನಾದಿನಿ ಮನಿಗೆ ಯಾವುದರಾಗ ಕಳಸ್ತಿ?

ಹಳೇಹುಬ್ಬಳ್ಳಿ ಸೊಸಿ:
ಅಮ್ಮಾರ, ಆಯ್ತವಾರ ನೀವು ಹೇಳಿದಂಗ ಮಾಡಿದೆ. ಅತ್ತಿಯವ್ರು ಗಂಗಾಳ ತೊಡಿಮ್ಯಾಲೆ ಇಟ್ಕೊಂಡು ಹೆಸರಿನ ಚುಕ್ಕಿಮ್ಯಾಲೆ ಬೆರಳಾಡಿಸ್ಕೋತ ಭಾಳ ಹೊತ್ತು ಕುಂತ್ರು, ಆಮ್ಯಾಲೆ ಇದನ್ನ ಮೊಮ್ಮಗಳಿಗೆ ಇಡು, ಉಳದದ್ದು ನಿನಗ ಬೇಕಾದಂಗ ಮಾಡು ಅಂದ್ರು. ಈಗ ಹಂಡೆ ನೀರಿನ ಗ್ವಾಡಿಗೆ ಬಂದೈತಿ, ಬ್ಯಾರಲ್ ಹಿತ್ತಲಕ್ಕ ಹೋಗೇತಿ, ಡಬ್ಬಿ 25 ಉಳದಾವ, ಉಂಡಿಗೆ ಅಂತ ನಾಕು ಬ್ಯಾರೆ ಇಟ್ಟೇನಿ. ಹಂಚೂ ಗ್ವಾಡಿ ಏರೇತಿ ಗದಗಿನ ಅಣ್ಣಾರ. ಪಾತೇಲಿ ಒಂದ ಉಳದೈತಿ, ಹುಬ್ಬಳ್ಳ್ಯಾಗ ಕಲಾಯಿ ಹಾಕವ್ರು ಈಗ ಎಲ್ಲಿ ಕುಂದರತಾರ, ಗೊತ್ತಿದ್ದವ್ರು ಹೇಳ್ರಿ.