‘ಓಡುತ್ತಿಲ್ಲ’, ‘ಓದುತ್ತಿಲ್ಲ’, ‘ಲೆನ್ಸ್ ಹೋಗಿದೆ’: ಡಿಸ್ಕ್ ಪ್ಲೇಯರಿನ ದೋಷಗಳನ್ನು ಹೇಳುವ ಪದಗಳು

ಮಾನ್ಯರೇ,

ಸಿಡಿ, ಡಿವಿಡಿ ಪ್ಲೇಯರುಗಳ ಸಾಮಾನ್ಯ ದೋಷಗಳನ್ನು ಮನೆಯವರೇ ಗುರುತಿಸಿಕೊಳ್ಳಲು ನೆರವಾಗುವ ಕಿರು ಕೈಪಿಡಿಯೊಂದನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದು, ಅದರ ಕೆಲವು ಪದಗಳ ಬಗ್ಗೆ ಬಲ್ಲವರ ಅಭಿಪ್ರಾಯ ಬೇಕಾಗಿದೆ.

‘ಸಿಡಿ ಓಡ್ತಿಲ್ಲ’ ಎಂಬುದು ಎಲ್ಲ ಕಡೆ ಕೇಳಿಬರುವ ದೂರು. ಡಿಸ್ಕ್ ತಿರುಗುತ್ತಿಲ್ಲ ಎಂಬುದನ್ನೂ, ತಿರುಗಿದರೂ ಹಾಡು ಬರುತ್ತಿಲ್ಲ ಎಂಬುದನ್ನೂ ಜನ ಇದೇ ಮಾತಿನಲ್ಲಿ ಹೇಳುತ್ತಾರೆ. ಇವೆರಡನ್ನು ‘ತಿರುಗುತ್ತಿಲ್ಲ’, ‘ಓದುತ್ತಿಲ್ಲ’ ಎಂದು ಬೇರ್ಪಡಿಸೋಣವೆಂದರೆ ಯಂತ್ರವೇ ಅಡ್ಡ ಬರುತ್ತದೆ. ಅನೇಕ ಪ್ಲೇಯರುಗಳಲ್ಲಿ ಡಿಸ್ಕನ್ನು ಓದುವ ಲೇಸರ್ ಬೆಳಕು ಮೊದಲು ಅದರ ಮೇಲೆ ಸರಿಯಾಗಿ ನೆಲೆಗೊಳ್ಳಬೇಕು, ಆ ಬಳಿಕವೇ ಮೋಟಾರು ವೇಗವಾಗಿ ತಿರುಗತೊಡಗುತ್ತದೆ. ಆದ್ದರಿಂದ ಡಿಸ್ಕ್ ತಿರುಗದಿದ್ದ ಮಾತ್ರಕ್ಕೆ ಮೋಟಾರು ಕೆಟ್ಟಿದೆ ಎನ್ನಲಾಗದು, ಓದಲಾಗದೆ ನಿಂತಿರಲೂಬಹುದು. ಆಗ ಪರದೆಯ ಮೇಲೆ ಮೂಡುವ ‘ನೋ ಡಿಸ್ಕ್’ ಎಂಬುದನ್ನು ‘ಡಿಸ್ಕ್ ಇಲ್ಲ’ ಎಂದು ಬರೆದರೆ, ಕೈಯಾರೆ ಡಿಸ್ಕ್ ಇಟ್ಟವರಿಗೆ ಯಂತ್ರ ಸುಳ್ಳು ಹೇಳುತ್ತಿದೆ ಎನಿಸುತ್ತದೆ. ‘ಡಿಸ್ಕಿನ ಗುರುತು ಸಿಗಲಿಲ್ಲ’ ಎಂಬುದು ನನ್ನ ಸಲಹೆ. ಯಂತ್ರಕ್ಕೆ ‘ಓದು’ ಎಂಬ ಕ್ರಿಯಾಪದ ಒಪ್ಪುವುದೇ ಎಂಬುದನ್ನೂ ತಿಳಿಸಬೇಕಾಗಿ ಕೋರುತ್ತೇನೆ.

ಇದಕ್ಕಿಂತ ತೊಡಕಿನದು ‘ಲೆನ್ಸ್ ಹೋಗಿದೆ’ ಎಂಬ ರಿಪೇರಿ ಅಂಗಡಿಯ ಮಾತು. ಕಡಲೆಬೇಳೆಯಷ್ಟೂ ಇಲ್ಲದ ಆ ಪುಟ್ಟ ಮಸೂರಕ್ಕೆ ಧೂಳು ಕೂತಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್ ತುಸು ತಾಕಿಸಿದ ಹತ್ತಿಯಿಂದ ಹಗುರವಾಗಿ ಒರೆಸಿದರೆ ಸಾಕು. ಲೇಸರ್ ಸಹಿತವಾದ ಇಡೀ ಜೋಡಣೆಯೇ ಸೊರಗಿದ್ದರೆ ಅದನ್ನು ಬದಲಿಸಬೇಕು. ಅಂಗಡಿಯವರು ಎರಡನ್ನೂ ‘ಲೆನ್ಸ್’ ಎಂದೇ ಕರೆಯುವುದರಿಂದ ಗಿರಾಕಿಗೆ ಖರ್ಚಿನ ಅಂದಾಜೇ ಸಿಗುವುದಿಲ್ಲ. ಡಿವಿಡಿ ಪ್ಲೇಯರಿನಲ್ಲಿ ಸಿಡಿಗೆ 780 ನ್ಯಾನೊಮೀಟರ್ ಮತ್ತು ಡಿವಿಡಿಗೆ 650 ನ್ಯಾನೊಮೀಟರ್ ಅಲೆಯುದ್ದದ ಬೇರೆ ಬೇರೆ ಲೇಸರ್ ಬೆಳಕು ಬೇಕಾಗುತ್ತದೆ. ಸಿಡಿ ಹಾಡುತ್ತಿದ್ದು ಎಲ್ಲ ಡಿವಿಡಿಗಳೂ ನಿಂತುಹೋದಾಗ, ಒರೆಸಿದರೂ ಸರಿಹೋಗದಿದ್ದರೆ, ಡಿವಿಡಿಯ ಲೇಸರಿನ ಮೇಲೆ ಅನುಮಾನ ಪಡಬೇಕು. ಮಸೂರಕ್ಕೆ ಮಾತ್ರ ‘ಲೆನ್ಸ್’ ಉಳಿಸಿಕೊಂಡು, ಇಡೀ ಜೋಡಣೆಗೆ ಟೇಪ್‌ರೆಕಾರ್ಡರಿನ ಕಾಲದಿಂದ ಪರಿಚಿತವಾದ ‘ಹೆಡ್’ ಪದವನ್ನೇ ಬಳಸಿ ‘ಲೇಸರ್ ಹೆಡ್’ ಎನ್ನುವುದು ಲೇಸೆಂದು ತೋರುತ್ತದೆ.

‘ಡಿಸ್ಕಿನ ಹಿಂಭಾಗ ಒರೆಸಿ’ ಎಂಬ ಸೂಚನೆಯೂ ಅಸ್ಪಷ್ಟ. ಹೆಸರು ಅಚ್ಚಾದ ಬದಿ ಹಿಂಭಾಗವೋ, ಹೊಳೆಯುವ ಬದಿಯೋ? ಸಿಡಿಯಲ್ಲಿ ಲೋಹದ ಪದರ ಅಚ್ಚಿನ ಬದಿಗೆ ತೀರ ಸಮೀಪದಲ್ಲಿ, ತೆಳುವಾದ ಮೆರುಗೆಣ್ಣೆಯ ಕೆಳಗೇ ಇರುವುದರಿಂದ ಅಲ್ಲಿ ಆಳವಾದ ಗೀರು ಬಿದ್ದರೆ ಅಷ್ಟು ಭಾಗ ಹೋದಂತೆಯೇ. ಡಿವಿಡಿಯಲ್ಲಿ ಅದು 0.6 ಮಿ.ಮೀ. ದಪ್ಪದ ಎರಡು ಹಾಳೆಗಳ ನಡುವೆ ಇರುತ್ತದೆ. ಹಾಗಾಗಿ ‘ಹೊಳೆಯುವ ಬದಿ’, ‘ಅಚ್ಚಿನ ಬದಿ’ ಎಂದೇ ಬರೆದಿದ್ದೇನೆ. ಒರೆಸುವ ಕ್ರಮಕ್ಕೆ ‘ತ್ರಿಜ್ಯೀಯವಾಗಿ’ ಎಂಬ ಪಠ್ಯಪುಸ್ತಕದ ಪದ ಬೇಡವೆನಿಸಿ, ‘ನಡುವಿನಿಂದ ಅಂಚಿಗೆ ನೇರವಾಗಿ’ ಎಂದಿದ್ದೇನೆ. ಸುತ್ತಲಾಗಿ ಒರೆಸುವಾಗ ಬೀಳುವ ಗೀರು ಹಾಡಿನ ಜಾಡಿನುದ್ದಕ್ಕೂ ಸಾಗುವುದರಿಂದ ಪ್ಲೇಯರಿನ ತಪ್ಪು ತಿದ್ದುವ ಏರ್ಪಾಡಿಗೆ ಅದನ್ನು ಸರಿದೂಗಿಸುವುದು ಕಷ್ಟ.

‘ಸ್ಟ್ರಕ್ ಆಗುತ್ತದೆ’ ಎಂಬುದನ್ನು ತಿದ್ದುವ ಹಟ ನನಗಿಲ್ಲ. ಹಾಡು ಮುಂದಕ್ಕೆ ನೆಗೆಯುವುದಕ್ಕೆ ‘ಹಾರುತ್ತದೆ’, ಚಿತ್ರ ಚೌಕ ಚೌಕವಾಗಿ ಒಡೆದು ನಿಲ್ಲುವುದಕ್ಕೆ ‘ಸಿಕ್ಕಿಕೊಳ್ಳುತ್ತದೆ’ ಎಂದರೆ ಸಾಕೇ? ರಬ್ಬರ್ ಬೆಲ್ಟ್ ಸಡಿಲಗೊಂಡು ಟ್ರೇ ಅರ್ಧಕ್ಕೇ ನಿಲ್ಲುವುದನ್ನು ಕರಾವಳಿ ಮತ್ತು ಉತ್ತರ ಕರ್ನಾಟಕದ ಅಂಗಡಿಗಳಲ್ಲಿ ಏನೆನ್ನುತ್ತಾರೆಂದು ಆ ಕಡೆಯವರು ದಯವಿಟ್ಟು ತಿಳಿಸಿ.

ವಂದನೆಗಳು.